ಹೊಣೆ ಯಾರದು, ಎಷ್ಟು: ‘ಅವರ್ ವರ್ಲ್ಡ್ ಇನ್ ಡೇಟಾ’ದ ಇಂಗಾಲ ವಿಭಾಗದ ವಿಮರ್ಶೆ

ಹಸಿರುಮನೆ ಅನಿಲಗಳನ್ನು ತಗ್ಗಿಸುವ ಹೊಣೆ ಯಾವ ದೇಶದ್ದು ಎಷ್ಟು ಎಂಬ ಪ್ರಶ್ನೆ ಈಗ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಮತ್ತೆ ಮತ್ತೆ ಬರುತ್ತಿರುವ ವಿಷಯ. ಪರವಾಗಿ ನಿಲ್ಲುವವರೂ ವಿರೋಧವಾಗಿ ನಿಲ್ಲುವವರೂ ಅಂಕಿಅಂಶಗಳನ್ನು ಹಿಡಿದುಕೊಂಡೇ ವೇದಿಕೆಗೆ ಬರುತ್ತಾರೆ. ಇಬ್ಬರ ಅಂಕಿಗಳೂ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ. ಆದರೆ ಒಬ್ಬರು ಕಳೆದ ವರ್ಷದ ಲೆಕ್ಕ ಹೇಳುತ್ತಿರುತ್ತಾರೆ, ಇನ್ನೊಬ್ಬರು ನೂರೈವತ್ತು ವರ್ಷಗಳ ಲೆಕ್ಕ ಹೇಳುತ್ತಿರುತ್ತಾರೆ, ಹೀಗಾಗಿ ಒಬ್ಬರ ವಾದಕ್ಕೆ ಇನ್ನೊಬ್ಬರ ಉತ್ತರ ಸಿಗುವುದೇ ಇಲ್ಲ. ಇಂಥ ಚರ್ಚೆಗಳಿಗೆ ವಿದ್ಯಾರ್ಥಿಗಳನ್ನು ಸಿದ್ಧಪಡಿಸುವ ಅಧ್ಯಾಪಕನಾಗಿ ನಾನು ಹೆಚ್ಚಾಗಿ ಬಳಸುವುದು ‘ಅವರ್ ವರ್ಲ್ಡ್ ಇನ್ ಡೇಟಾ’ ಎಂಬ ಉಚಿತ ಜಾಲತಾಣದ ಇಂಗಾಲ ಮತ್ತು ಹಸಿರುಮನೆ ಅನಿಲಗಳ ವಿಭಾಗವನ್ನು. ಅದರ ದೊಡ್ಡ ಗುಣವೆಂದರೆ ಹೊಣೆಯನ್ನು ಅಳೆಯುವ ಅಳತೆಗೋಲನ್ನು ತಾನೇ ಆರಿಸದೆ ಬಳಸುವವರ ಕೈಗೆ ಕೊಡುವುದು. ಅದರ ದೊಡ್ಡ ಕೊರತೆಯೂ ಅಲ್ಲೇ ಇದೆ: ಯಾವ ಅಳತೆಗೋಲನ್ನು ಯಾರು, ಯಾವಾಗ, ಯಾಕೆ ಹಿಡಿದರು ಎಂಬುದನ್ನು ಅದು ಹೇಳುವುದು ತೀರಾ ಕಡಿಮೆ.

ಮೊದಲು ಸೇವೆಯ ಪರಿಚಯ. ಮ್ಯಾಕ್ಸ್ ರೋಸರ್ ಆರಂಭಿಸಿದ ಈ ತಾಣವನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ‘ಗ್ಲೋಬಲ್ ಚೇಂಜ್ ಡೇಟಾ ಲ್ಯಾಬ್’ ಎಂಬ ಲಾಭರಹಿತ ಸಂಸ್ಥೆ ಒಟ್ಟಾಗಿ ನಡೆಸುತ್ತಾರೆ. ಹವಾಮಾನ ಮತ್ತು ಇಂಧನಕ್ಕೆ ಸಂಬಂಧಿಸಿದ ಬಹಳಷ್ಟು ಬರಹಗಳು ಹಾನಾ ರಿಚಿ ಅವರವು. ಇಂಗಾಲದ ಡೈಆಕ್ಸೈಡಿನ ಅಂಕಿಗಳನ್ನು ಇವರು ತಾವೇ ಅಳೆಯುವುದಿಲ್ಲ. ‘ಗ್ಲೋಬಲ್ ಕಾರ್ಬನ್ ಪ್ರಾಜೆಕ್ಟ್’ನ ವಿಜ್ಞಾನಿಗಳು ಪ್ರತಿ ವರ್ಷ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದ ಹೊತ್ತಿಗೆ ಪ್ರಕಟಿಸುವ ಲೆಕ್ಕವನ್ನು ತೆಗೆದುಕೊಂಡು, ಅದನ್ನು ಗ್ರಾಫ್, ನಕ್ಷೆ ಮತ್ತು ಕೋಷ್ಟಕಗಳಾಗಿ ಜೋಡಿಸಿಕೊಡುತ್ತಾರೆ. ನೋಂದಣಿ ಬೇಕಿಲ್ಲ, ಶುಲ್ಕವಿಲ್ಲ, ಜಾಹೀರಾತುಗಳಿಲ್ಲ. ಯಾವ ಗ್ರಾಫನ್ನಾದರೂ ಚಿತ್ರವಾಗಿಯೋ ದತ್ತಾಂಶದ ಕಡತವಾಗಿಯೋ ಇಳಿಸಿಕೊಂಡು, ಮೂಲದ ಹೆಸರು ಹಾಕಿ ಎಲ್ಲಿ ಬೇಕಾದರೂ ಬಳಸಬಹುದು.

ಈ ವಿಭಾಗದ ಜೀವಾಳ ಅಲ್ಲಿರುವ ‘ಡೇಟಾ ಎಕ್ಸ್‌ಪ್ಲೋರರ್’. ಅದರಲ್ಲಿ ಕೆಲವು ಆಯ್ಕೆಗಳ ಪಟ್ಟಿಗಳಿವೆ. ಯಾವ ಅನಿಲ ಎಂಬುದು ಒಂದು ಆಯ್ಕೆ. ದೇಶದ ನೆಲದ ಮೇಲೆ ಹೊರಬಿದ್ದ ಅನಿಲವನ್ನು ಎಣಿಸಬೇಕೋ ಆ ದೇಶದ ಜನ ಬಳಸಿದ ವಸ್ತುಗಳ ತಯಾರಿಕೆಯಲ್ಲಿ ಹೊರಬಿದ್ದದ್ದನ್ನು ಎಣಿಸಬೇಕೋ ಎಂಬುದು ಇನ್ನೊಂದು. ವರ್ಷದ ಮೊತ್ತವೋ, ತಲಾ ಲೆಕ್ಕವೋ, ಆರಂಭದಿಂದ ಇಲ್ಲಿಯವರೆಗೆ ಕೂಡಿಬಂದ ಸಂಚಿತ ಮೊತ್ತವೋ ಎಂಬುದು ಮತ್ತೊಂದು. ಜಗತ್ತಿನ ಒಟ್ಟು ಮೊತ್ತದಲ್ಲಿ ಶೇಕಡಾ ಎಷ್ಟು ಎಂದು ತೋರಿಸುವ ಗುರುತುಪೆಟ್ಟಿಗೆಯೂ ಇದೆ. ದೇಶಗಳನ್ನು ನಾವೇ ಆರಿಸಿಕೊಳ್ಳಬೇಕು. ಕೆಳಗಡೆ ಇರುವ ಕಾಲರೇಖೆಯ ಎರಡು ತುದಿಗಳನ್ನು ಎಳೆದು ಆರಂಭದ ವರ್ಷವನ್ನೂ ಕೊನೆಯ ವರ್ಷವನ್ನೂ ನಿಗದಿ ಮಾಡಬಹುದು. ಇವಿಷ್ಟೇ ಗುಂಡಿಗಳು. ಆದರೆ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದ ಸಹಿಗೆ ಬಂದ 1992ರ ರಿಯೊ ಸಮ್ಮೇಳನದಿಂದ ಇವತ್ತಿನವರೆಗೆ ಹವಾಮಾನ ಸಂಧಾನದಲ್ಲಿ ನಡೆದ ಜಗಳಗಳಲ್ಲಿ ಹೆಚ್ಚಿನವು ಈ ಗುಂಡಿಗಳಲ್ಲಿ ಯಾವುದನ್ನು ಒತ್ತಬೇಕು ಎಂಬುದರ ಸುತ್ತಲೇ ನಡೆದಿವೆ.

ಅಮೆರಿಕ, ಚೀನಾ, ಐರೋಪ್ಯ ಒಕ್ಕೂಟ ಮತ್ತು ಭಾರತವನ್ನು ಆರಿಸಿಕೊಂಡು ವರ್ಷದ ಮೊತ್ತವನ್ನು ನೋಡಿದರೆ, 2023ರಲ್ಲಿ ಪಳೆಯುಳಿಕೆ ಇಂಧನ ಮತ್ತು ಕೈಗಾರಿಕೆಗಳಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡಿನಲ್ಲಿ ಚೀನಾದ್ದು ಸುಮಾರು ಶೇ. 31, ಅಮೆರಿಕದ್ದು ಶೇ. 13, ಭಾರತದ್ದು ಶೇ. 8, ಐರೋಪ್ಯ ಒಕ್ಕೂಟದ್ದು ಶೇ. 7ರ ಆಸುಪಾಸು. ಈ ಪಟ್ಟಿಯಲ್ಲಿ ಭಾರತ ಜಗತ್ತಿನ ಮೂರನೇ ದೇಶ. ಎಲ್ಲ ದೇಶಗಳ ಹೊಣೆಯೂ ಸಮಾನ ಎಂದು ವಾದಿಸುವವರು ಇಲ್ಲಿಗೇ ನಿಲ್ಲುತ್ತಾರೆ. 1997ರ ಜುಲೈನಲ್ಲಿ ಅಮೆರಿಕದ ಸೆನೆಟ್ 95–0 ಮತಗಳಿಂದ ಅಂಗೀಕರಿಸಿದ ಬರ್ಡ್–ಹೇಗಲ್ ನಿರ್ಣಯದ ಹಿಂದೆ ಇದ್ದದ್ದೂ ಇದೇ ತರ್ಕ: ಅಭಿವೃದ್ಧಿಶೀಲ ದೇಶಗಳೂ ಅದೇ ಅವಧಿಯಲ್ಲಿ ಮಿತಿಗೆ ಒಳಪಡದ ಯಾವ ಒಪ್ಪಂದಕ್ಕೂ ಅಮೆರಿಕ ಸಹಿ ಹಾಕಬಾರದು ಎಂದು ಅದು ಹೇಳಿತು. ಮುಂದೆ ಕೈಗಾರಿಕಾ ದೇಶಗಳ ಹೊರಸೂಸುವಿಕೆಗೆ ಮಿತಿ ಹಾಕಿದ ಕ್ಯೋಟೊ ಒಪ್ಪಂದಕ್ಕೆ ಅಮೆರಿಕ ಸಹಿ ಹಾಕಿದರೂ ಅದನ್ನು ಅನುಮೋದಿಸಲೇ ಇಲ್ಲ.

ಅದೇ ಗ್ರಾಫಿನಲ್ಲಿ ತಲಾ ಲೆಕ್ಕದ ಆಯ್ಕೆಯನ್ನು ಒತ್ತಿದ ಕೂಡಲೇ ಭಾರತದ ಗೆರೆ ತಳಕ್ಕೆ ಇಳಿಯುತ್ತದೆ. ಅಮೆರಿಕದ ಒಬ್ಬ ವ್ಯಕ್ತಿಯ ಪಾಲು ವರ್ಷಕ್ಕೆ ಸುಮಾರು 14 ಟನ್, ಚೀನಾದವರದು 8 ಟನ್ನಿಗಿಂತ ತುಸು ಹೆಚ್ಚು, ಭಾರತದವರದು ಸುಮಾರು 2 ಟನ್. ಜಗತ್ತಿನ ಸರಾಸರಿ 4.7 ಟನ್ನಿನಷ್ಟಿರುವಾಗ ನಮ್ಮದು ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಈ ವಾದ ಹೊಸದೇನೂ ಅಲ್ಲ. 1990ರಲ್ಲಿ ವಾಷಿಂಗ್ಟನ್ನಿನ ‘ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್’ ತನ್ನ ಲೆಕ್ಕದಲ್ಲಿ ಭಾರತ, ಚೀನಾ, ಬ್ರೆಜಿಲ್‌ಗಳನ್ನು ಅತಿ ಹೆಚ್ಚು ಹೊಣೆಯುಳ್ಳ ದೇಶಗಳ ಸಾಲಿನಲ್ಲಿ ನಿಲ್ಲಿಸಿದಾಗ, ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಅದನ್ನು ಬಲವಾಗಿ ಪ್ರಶ್ನಿಸಿದರು. ಬಡವರು ಬದುಕಲು ಬೆಳೆಯುವ ಭತ್ತದ ಗದ್ದೆಯಿಂದ ಬರುವ ಮೀಥೇನನ್ನೂ ಶ್ರೀಮಂತರ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ, ಭೂಮಿ ಹೀರಿಕೊಳ್ಳಬಲ್ಲಷ್ಟು ಅನಿಲದಲ್ಲಿ ಪ್ರತಿ ಮನುಷ್ಯನಿಗೂ ಸಮಪಾಲು ಇರಬೇಡವೇ ಎಂದು ಅವರು ಕೇಳಿದ ಪ್ರಶ್ನೆ ಭಾರತದ ಸಂಧಾನ ನಿಲುವಿನ ಬೆನ್ನೆಲುಬಾಯಿತು. ತಾಣದ ತಲಾ ಗ್ರಾಫ್ ಈ ವಾದಕ್ಕೆ ಬೇಕಾದ ಎಲ್ಲ ಅಂಕಿಗಳನ್ನೂ ಕೊಡುತ್ತದೆ. ಅದರ ಹಿಂದಿನ ಜಗಳವನ್ನು ಮಾತ್ರ ಹೇಳುವುದಿಲ್ಲ.

ಸಂಚಿತ ಲೆಕ್ಕದ ಗ್ರಾಫೇ ನನಗೆ ಈ ಸೇವೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಭಾಗವಾಗಿ ಕಂಡಿದೆ. ಇಂಗಾಲದ ಡೈಆಕ್ಸೈಡ್ ಒಂದೆರಡು ವರ್ಷಗಳಲ್ಲಿ ಕರಗಿಹೋಗುವಂಥದ್ದಲ್ಲ, ಅದರ ದೊಡ್ಡ ಭಾಗ ಶತಮಾನಗಳ ಕಾಲ ವಾತಾವರಣದಲ್ಲಿ ಉಳಿಯುತ್ತದೆ. ಆದ್ದರಿಂದ ಭೂಮಿ ಎಷ್ಟು ಕಾದಿದೆ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಕಳೆದ ವರ್ಷದ ಮೊತ್ತಕ್ಕಿಂತ ಇಲ್ಲಿಯವರೆಗಿನ ಒಟ್ಟು ಮೊತ್ತ. ಜಗತ್ತಿನ ಒಟ್ಟಿನಲ್ಲಿ ಶೇಕಡಾವಾರು ಪಾಲಿನ ಗುರುತನ್ನು ಹಾಕಿ, ಕಾಲರೇಖೆಯ ಕೊನೆಯ ತುದಿಯನ್ನು ಹಿಂದಕ್ಕೆ ಎಳೆಯುತ್ತಾ ಹೋದರೆ ಬ್ರಿಟನ್ನಿನ ಗೆರೆ ಮೇಲೇರುತ್ತಾ ಹೋಗುತ್ತದೆ. 1882ರವರೆಗೆ ಜಗತ್ತು ಹೊರಸೂಸಿದ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆ ಒಂದೇ ದೇಶದ್ದಾಗಿತ್ತು. ತುದಿಯನ್ನು ಮತ್ತೆ ಈಚೆಗೆ ತಂದರೆ ಅಮೆರಿಕದ ಪಾಲು ಸುಮಾರು ಶೇ. 24ಕ್ಕೆ ಬಂದು ನಿಲ್ಲುತ್ತದೆ, ಚೀನಾದ್ದು ಶೇ. 15ರ ಹತ್ತಿರಕ್ಕೆ ಬರುತ್ತದೆ, ಜಗತ್ತಿನ ಜನಸಂಖ್ಯೆಯಲ್ಲಿ ಶೇ. 17ಕ್ಕಿಂತ ಹೆಚ್ಚಿರುವ ಭಾರತದ್ದು ಶೇ. 3.5ರ ಆಸುಪಾಸಿನಲ್ಲೇ ಉಳಿಯುತ್ತದೆ. ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿ ಓದಿ ಮರೆಯುವ ಈ ಸಂಗತಿಯನ್ನು ವಿದ್ಯಾರ್ಥಿಯೇ ಬೆರಳಿನಿಂದ ಎಳೆದು ನೋಡಿದಾಗ ಅದು ಮನಸ್ಸಿನಲ್ಲಿ ನಿಲ್ಲುತ್ತದೆ.

ಆದರೆ ಅದೇ ವಿದ್ಯಾರ್ಥಿ ಪಳೆಯುಳಿಕೆ ಇಂಧನದ ಲೆಕ್ಕವನ್ನು ಬಿಟ್ಟು ಕಾಡುನಾಶ, ಭೂಬಳಕೆ, ಮೀಥೇನ್, ನೈಟ್ರಸ್ ಆಕ್ಸೈಡ್ ಎಲ್ಲವನ್ನೂ ಸೇರಿಸಿದ ಲೆಕ್ಕಕ್ಕೆ ಹೋಗಬೇಕು. ಯಾವ ದೇಶ ಭೂಮಿಯನ್ನು ಎಷ್ಟು ಕಾಯಿಸಿದೆ ಎಂದು ತೋರಿಸುವ ಗ್ರಾಫ್ ಈ ತಾಣದಲ್ಲಿದೆ. ಆ ಲೆಕ್ಕದಲ್ಲಿ ಅಮೆರಿಕದ ಪಾಲು ಶೇ. 17ರಷ್ಟಕ್ಕೆ ಇಳಿಯುತ್ತದೆ, ಭಾರತದ್ದು ಶೇ. 5ರ ಹತ್ತಿರಕ್ಕೆ ಏರುತ್ತದೆ, ಕಾಡು ಕಡಿದ ಬ್ರೆಜಿಲ್ ಭಾರತದ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಬ್ರೆಜಿಲ್ ದೇಶವೇ 1997ರಲ್ಲಿ, ಕ್ಯೋಟೊ ಒಪ್ಪಂದಕ್ಕೆ ಮೊದಲು, ದೇಶಗಳು ಭೂಮಿಯ ತಾಪ ಏರಿಕೆಗೆ ಚಾರಿತ್ರಿಕವಾಗಿ ಎಷ್ಟು ಕಾರಣವಾಗಿವೆಯೋ ಅದಕ್ಕೆ ತಕ್ಕಂತೆ ಕಡಿತದ ಹೊಣೆ ಹಂಚಬೇಕೆಂಬ ಪ್ರಸ್ತಾವವನ್ನು ಮುಂದಿಟ್ಟಿತ್ತು. ನಮ್ಮ ದೇಶಕ್ಕೆ ಅನುಕೂಲವಾದ ಗ್ರಾಫನ್ನು ಮಾತ್ರ ಹಿಡಿದು ವೇದಿಕೆಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಎರಡನ್ನೂ ತೋರಿಸಿ, ಎರಡರಲ್ಲೂ ಭಾರತದ ಪಾಲು ಅದರ ಜನಸಂಖ್ಯೆಯ ಪಾಲಿಗಿಂತ ಬಹಳ ಕಡಿಮೆ ಎಂದು ಹೇಳುವವರ ವಾದಕ್ಕೆ ಹೆಚ್ಚು ಬಲವಿರುತ್ತದೆ, ಎದುರಾಳಿ ಎರಡನೇ ಗ್ರಾಫನ್ನು ತೆಗೆದಾಗ ತಬ್ಬಿಬ್ಬಾಗುವ ಪ್ರಸಂಗವೂ ಬರುವುದಿಲ್ಲ.

ಬಳಕೆ ಆಧಾರಿತ ಲೆಕ್ಕವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಚೀನಾದಲ್ಲಿ ತಯಾರಾಗಿ ಯುರೋಪಿನಲ್ಲಿ ಬಳಕೆಯಾಗುವ ವಸ್ತುವಿನ ಹೊಗೆಯನ್ನು ಯಾರ ಖಾತೆಗೆ ಬರೆಯಬೇಕು ಎಂಬುದು ಇಲ್ಲಿನ ಪ್ರಶ್ನೆ. ಆಮದು ರಫ್ತುಗಳನ್ನು ಹೊಂದಿಸಿ ಎಣಿಸಿದಾಗ ಚೀನಾದ ಮೊತ್ತ ಸುಮಾರು ಹತ್ತನೇ ಒಂದು ಭಾಗದಷ್ಟು ಇಳಿಯುತ್ತದೆ, ಭಾರತದ್ದೂ ಸ್ವಲ್ಪ ಇಳಿಯುತ್ತದೆ, ಸ್ವಿಟ್ಜರ್ಲೆಂಡಿನದು ಎರಡು ಪಟ್ಟನ್ನೂ ಮೀರಿ ಏರುತ್ತದೆ. ಬ್ರಿಟನ್ ತನ್ನ ನೆಲದ ಮೇಲಿನ ಹೊರಸೂಸುವಿಕೆಯನ್ನು 1990ಕ್ಕೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿಸಿದೆ; 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನೂ ಮುಚ್ಚಿತು. ಬಳಕೆಯ ಗೆರೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಇಳಿಕೆ ನಿಜವಾದದ್ದೇ ಎಂದು ತಿಳಿಯುತ್ತದೆ, ಆದರೆ ಅಷ್ಟು ದೊಡ್ಡದಲ್ಲ ಎಂದೂ ತಿಳಿಯುತ್ತದೆ. ಈ ಲೆಕ್ಕಕ್ಕೆ ದೇಶದೇಶಗಳ ನಡುವಿನ ವ್ಯಾಪಾರದ ವಿವರವಾದ ಕೋಷ್ಟಕಗಳು ಬೇಕಾಗುವುದರಿಂದ 1990ಕ್ಕಿಂತ ಹಿಂದಿನ ಅಂಕಿಗಳಿಲ್ಲ, ಹಲವು ಸಣ್ಣ ದೇಶಗಳ ಅಂಕಿಗಳೂ ಇಲ್ಲ. ತಾಣ ಇದನ್ನು ಗ್ರಾಫಿನ ಕೆಳಗಿನ ಟಿಪ್ಪಣಿಯಲ್ಲಿ ಒಪ್ಪಿಕೊಳ್ಳುತ್ತದೆ. ಆದರೆ ಟಿಪ್ಪಣಿ ಓದುವ ಅಭ್ಯಾಸ ನಮ್ಮ ಮಕ್ಕಳಲ್ಲಿ ಕಡಿಮೆ.

ಕಡಿತವನ್ನು ಯಾವ ವರ್ಷಕ್ಕೆ ಹೋಲಿಸಿ ಅಳೆಯುತ್ತಾರೆ ಎಂಬ ಮೂಲವರ್ಷದ ವಿಚಾರಕ್ಕೆ ಬರೋಣ. ಗ್ರಾಫಿನ ಪಕ್ಕದಲ್ಲಿರುವ ಕೋಷ್ಟಕದ ನೋಟವನ್ನು ಆರಿಸಿಕೊಂಡರೆ, ಕಾಲರೇಖೆಯಲ್ಲಿ ನಾವು ಗುರುತಿಸಿದ ಎರಡು ವರ್ಷಗಳ ಮೊತ್ತವನ್ನೂ ಅವುಗಳ ನಡುವೆ ಶೇಕಡಾ ಎಷ್ಟು ಬದಲಾವಣೆಯಾಗಿದೆ ಎಂಬುದನ್ನೂ ಪ್ರತಿ ದೇಶದ ಎದುರಿಗೆ ತೋರಿಸುತ್ತದೆ. ನೋಡಲು ಸಾಧಾರಣವಾದ ಈ ಸೌಲಭ್ಯದಿಂದ ದೇಶಗಳು ಪ್ಯಾರಿಸ್ ಒಪ್ಪಂದದಡಿ ಕೊಟ್ಟಿರುವ ವಾಗ್ದಾನಗಳನ್ನು ಚೆನ್ನಾಗಿ ಪರೀಕ್ಷಿಸಬಹುದು. 2030ರ ಗುರಿಯನ್ನು ಐರೋಪ್ಯ ಒಕ್ಕೂಟ 1990ಕ್ಕೆ ಹೋಲಿಸಿ ಹೇಳಿತು: ಶೇ. 55 ಕಡಿತ. ಅಮೆರಿಕ 2021ರಲ್ಲಿ 2005ಕ್ಕೆ ಹೋಲಿಸಿ ಹೇಳಿತು: ಶೇ. 50ರಿಂದ 52. ಆಸ್ಟ್ರೇಲಿಯವೂ 2005ನ್ನೇ ಆರಿಸಿಕೊಂಡು ಶೇ. 43 ಎಂದಿತು. ಜಪಾನ್ 2013ನ್ನು ಆರಿಸಿಕೊಂಡು ಶೇ. 46 ಎಂದಿತು. ಈಗ ಕೋಷ್ಟಕದಲ್ಲಿ ಅಮೆರಿಕವನ್ನು ನೋಡಿ. ಆರಂಭದ ವರ್ಷವನ್ನು 2005ಕ್ಕೆ ಇಟ್ಟರೆ 2023ರ ಹೊತ್ತಿಗೆ ಅದರ ಇಂಗಾಲದ ಡೈಆಕ್ಸೈಡ್ ಸುಮಾರು ಐದನೇ ಒಂದು ಭಾಗ ಇಳಿದಿದೆ. ಅದೇ ತುದಿಯನ್ನು 1990ಕ್ಕೆ ಎಳೆದರೆ ಇಳಿಕೆ ಶೇ. 5ರ ಆಸುಪಾಸಿನಲ್ಲಿ ನಿಲ್ಲುತ್ತದೆ. 1990ರಿಂದ 2005ರವರೆಗಿನ ಏರಿಕೆ ಎಣಿಕೆಗೆ ಬಾರದಂತೆ ಮೂಲವರ್ಷ ಅದನ್ನು ಹೊರಗಿಟ್ಟಿದೆ. ಜಪಾನಿನಲ್ಲಿ 2011ರ ಫುಕುಶಿಮಾ ದುರಂತದ ನಂತರ ಅಣುಸ್ಥಾವರಗಳು ನಿಂತು, ಕಲ್ಲಿದ್ದಲು ಮತ್ತು ಅನಿಲದ ಬಳಕೆ ಏರಿ, ಹೊರಸೂಸುವಿಕೆ ಶಿಖರ ಮುಟ್ಟಿದ್ದು 2013ರಲ್ಲೇ. ಶಿಖರದಿಂದ ಅಳೆದರೆ ಯಾರ ಇಳಿಜಾರಾದರೂ ದೊಡ್ಡದಾಗಿ ಕಾಣುತ್ತದೆ. ಇನ್ನು ರಷ್ಯಾ. 1990ನ್ನು ಮೂಲವರ್ಷ ಮಾಡಿಕೊಂಡ ಕ್ಯೋಟೊ ಒಪ್ಪಂದದಲ್ಲಿ ಅದರ ಹೊರಸೂಸುವಿಕೆ ಆ ಮಟ್ಟವನ್ನು ಮೀರದಿದ್ದರೆ ಸಾಕಿತ್ತು. ಸೋವಿಯತ್ ಒಕ್ಕೂಟ ಕುಸಿದು ಕಾರ್ಖಾನೆಗಳು ಮುಚ್ಚಿದ್ದರಿಂದ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಅದು ಅದಕ್ಕಿಂತ ಬಹಳ ಕೆಳಗೆ ಇಳಿದಿತ್ತು.

ಇದೇ ಪರೀಕ್ಷೆಗೆ ಭಾರತವನ್ನೂ ಒಡ್ಡಬೇಕು. ನಮ್ಮ ವಾಗ್ದಾನ ಒಟ್ಟು ಮೊತ್ತದ್ದಲ್ಲ. ರಾಷ್ಟ್ರೀಯ ಉತ್ಪನ್ನದ ಪ್ರತಿ ರೂಪಾಯಿಗೆ ಹೊರಬೀಳುವ ಅನಿಲವನ್ನು 2005ಕ್ಕೆ ಹೋಲಿಸಿ 2030ರೊಳಗೆ ಶೇ. 45ರಷ್ಟು ಇಳಿಸುತ್ತೇವೆ ಎಂಬುದು 2022ರ ಆಗಸ್ಟ್‌ನಲ್ಲಿ ಪರಿಷ್ಕರಿಸಿದ ಮಾತು. ಉತ್ಪನ್ನಕ್ಕೆ ಭಾಗಿಸಿದ ಗ್ರಾಫಿನಲ್ಲಿ ಭಾರತದ ಗೆರೆ ಇಳಿಯುತ್ತಿದೆ. ವರ್ಷದ ಮೊತ್ತದ ಗ್ರಾಫಿನಲ್ಲಿ 2005ರಿಂದೀಚೆಗೆ ನಮ್ಮ ಹೊರಸೂಸುವಿಕೆ ಎರಡೂವರೆ ಪಟ್ಟಿನಷ್ಟಾಗಿದೆ. ವಿದ್ಯುತ್ತೇ ಸರಿಯಾಗಿ ಸಿಗದ ಮನೆಗಳಿದ್ದ ದೇಶವೊಂದು ಈ ದಾರಿ ಹಿಡಿದದ್ದು ನ್ಯಾಯವೆಂದೇ ನಾನು ತಿಳಿದಿದ್ದೇನೆ. ಆದರೆ ನ್ಯಾಯವಾದದ್ದನ್ನೂ ಮುಚ್ಚಿಟ್ಟು ಹೇಳಬಾರದು. ‘ನಾವು ಶೇ. 45 ಇಳಿಸುತ್ತಿದ್ದೇವೆ’ ಎಂದಷ್ಟೇ ಹೇಳಿ ಕುಳಿತುಕೊಳ್ಳುವ ಭಾಷಣಕಾರನಿಗೆ ಅಂಕ ಕೊಡಲು ತೀರ್ಪುಗಾರನಾಗಿ ನನಗೆ ಮನಸ್ಸು ಬರುವುದಿಲ್ಲ.

ಈ ತಾಣದ ಮಿತಿ ಎಲ್ಲಿದೆ ಎಂಬುದು ಚರ್ಚೆಯ ವೇದಿಕೆಯ ಮೇಲೆಯೇ ಸ್ಪಷ್ಟವಾಗುತ್ತದೆ. ಒಂದು ಅಂತರ ಕಾಲೇಜು ಸ್ಪರ್ಧೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ತಲಾ ಎರಡು ಟನ್ನಿನ ಲೆಕ್ಕವನ್ನು ಮುಂದಿಟ್ಟು ಭಾರತದ ಪರವಾಗಿ ಚೆನ್ನಾಗಿ ವಾದಿಸಿದಳು. ಎದುರು ಪಕ್ಷದ ಹುಡುಗ ಎದ್ದು, “ಈ ಎರಡು ಟನ್ ಯಾರದ್ದು? ಪಾವಗಡದಲ್ಲಿ ಸೌರ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟ ರೈತನದ್ದೋ, ಬೆಂಗಳೂರಿನಲ್ಲಿ ಮನೆಗೆ ಮೂರು ಕಾರು ಇಟ್ಟುಕೊಂಡವನದ್ದೋ? ಬಡವನ ಲೆಕ್ಕದ ಹಿಂದೆ ಸಿರಿವಂತ ಅಡಗಿ ಕೂರುವುದು ದೇಶಗಳ ನಡುವೆ ತಪ್ಪಾದರೆ ದೇಶದೊಳಗೆ ಹೇಗೆ ಸರಿ?” ಎಂದು ಕೇಳಿದ. ಸಭೆ ಚಪ್ಪಾಳೆ ತಟ್ಟಿತು. ಅವನ ಪ್ರಶ್ನೆಗೆ ಉತ್ತರ ಹುಡುಕಲು ಈ ಎಕ್ಸ್‌ಪ್ಲೋರರ್ ನೆರವಾಗುವುದಿಲ್ಲ. ಅಲ್ಲಿ ದೇಶವೇ ಅತಿ ಚಿಕ್ಕ ಘಟಕ. ರಾಜ್ಯಗಳಿಲ್ಲ, ದೇಶದೊಳಗಿನ ಆದಾಯದ ವರ್ಗಗಳಿಲ್ಲ. ಇಂಗಾಲದ ಹೊಣೆಯನ್ನು ರಾಷ್ಟ್ರಗಳ ನಡುವಿನ ಪ್ರಶ್ನೆಯಾಗಿ ಮಾತ್ರ ನೋಡುವ ಅಭ್ಯಾಸಕ್ಕೆ ಈ ಜೋಡಣೆಯೂ ಸ್ವಲ್ಪ ಕಾರಣವಾಗುತ್ತದೆ ಎಂದು ನನ್ನ ಅನಿಸಿಕೆ.

ಇನ್ನೊಂದು ಮಿತಿ ಚರಿತ್ರೆಯದು. ಹಳೆಯ ಕಾಲದ ಹೊರಸೂಸುವಿಕೆಯನ್ನೂ ಇಂದಿನ ಗಡಿಗಳಿಗೆ ಅನುಸಾರವಾಗಿಯೇ ಹಂಚಲಾಗಿದೆ. ಹೀಗಾಗಿ 1947ಕ್ಕೆ ಮೊದಲು ಈ ನೆಲದಲ್ಲಿ ಉರಿದ ಕಲ್ಲಿದ್ದಲೆಲ್ಲ, ಆಳುತ್ತಿದ್ದವರು ಯಾರೇ ಇರಲಿ, ಈ ನೆಲದ ದೇಶಗಳ ಖಾತೆಯಲ್ಲೇ ಇದೆ. 2023ರ ನವೆಂಬರ್‌ನಲ್ಲಿ ‘ಕಾರ್ಬನ್ ಬ್ರೀಫ್’ ಎಂಬ ಬ್ರಿಟನ್ನಿನ ತಾಣ ವಸಾಹತುಗಳಲ್ಲಿ ಆದದ್ದನ್ನು ಆಳಿದ ದೇಶಗಳ ಖಾತೆಗೆ ವರ್ಗಾಯಿಸಿ ಹೊಸ ಲೆಕ್ಕ ಮಾಡಿತು. ಅದರಲ್ಲಿ ಬ್ರಿಟನ್ನಿನ ಪಾಲು ಬಹುತೇಕ ದುಪ್ಪಟ್ಟಾಯಿತು, ನೆದರ್ಲೆಂಡ್ಸಿನದು ಬಹುತೇಕ ಮೂರು ಪಟ್ಟಾಯಿತು. ಅಂಥದೊಂದು ಆಯ್ಕೆಯನ್ನು ‘ಅವರ್ ವರ್ಲ್ಡ್ ಇನ್ ಡೇಟಾ’ದಲ್ಲೂ ಸೇರಿಸಬೇಕೆಂಬುದು ನನ್ನ ಮುಖ್ಯ ಬೇಡಿಕೆ. ಅದು ಕೇವಲ ನಮ್ಮ ಸಮಾಧಾನಕ್ಕಲ್ಲ. ಆಳುವ ಅಧಿಕಾರ ಯಾರ ಕೈಯಲ್ಲಿತ್ತೋ ಹೊಣೆಯೂ ಅವರದೇ ಎಂಬ ವಾದವನ್ನು ಒಪ್ಪದವರಿಗೂ ಅದರ ಅಂಕಿ ಕಣ್ಣೆದುರಿಗೆ ಇರಬೇಕು. ಅಂತರರಾಷ್ಟ್ರೀಯ ವಿಮಾನ ಮತ್ತು ಹಡಗುಗಳ ಹೊಗೆಯೂ ಯಾವ ದೇಶದ ಖಾತೆಗೂ ಸೇರದೆ ಪ್ರತ್ಯೇಕವಾಗಿಯೇ ನಿಂತಿದೆ. ಅದು ವಿಶ್ವಸಂಸ್ಥೆಯ ಲೆಕ್ಕದ ಪದ್ಧತಿಯಿಂದ ಬಂದದ್ದು, ತಾಣದ ತಪ್ಪಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಇಲ್ಲಿ ‘ಎಷ್ಟು ಹೊರಸೂಸಿದ್ದೀರಿ’ ಎಂಬುದಿದೆ, ‘ಎಷ್ಟು ಹೊರಸೂಸಬಹುದಿತ್ತು’ ಎಂಬುದಿಲ್ಲ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ ಆರನೇ ವರದಿಯ ಪ್ರಕಾರ 1850ರಿಂದ 2019ರವರೆಗೆ ಜಗತ್ತು ಸುಮಾರು 2,400 ಶತಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಹೊರಸೂಸಿತ್ತು. ತಾಪ ಏರಿಕೆಯನ್ನು 1.5 ಡಿಗ್ರಿಗೆ ನಿಲ್ಲಿಸುವ ಸಾಧ್ಯತೆ ಅರ್ಧದಷ್ಟಾದರೂ ಇರಬೇಕಾದರೆ 2020ರ ಆರಂಭದಲ್ಲಿ ಉಳಿದಿದ್ದದ್ದು 500 ಶತಕೋಟಿ ಟನ್ ಮಾತ್ರ. ಈ ಒಟ್ಟು ಗಂಟಿನಲ್ಲಿ ಪ್ರತಿ ದೇಶದ ನ್ಯಾಯವಾದ ಪಾಲೆಷ್ಟು, ಯಾರು ಮಿತಿ ಮೀರಿ ಬಳಸಿ ಸಾಲಗಾರರಾದರು, ಯಾರ ಪಾಲು ಇನ್ನೂ ಬಾಕಿ ಇದೆ ಎಂಬುದನ್ನು ಲೆಕ್ಕ ಹಾಕಲು ಬೇರೆ ಕಡೆಗೆ ಹೋಗಬೇಕು.

ಹೋಗಬೇಕಾದ ಕಡೆ ನಮ್ಮ ಬೆಂಗಳೂರಿನಲ್ಲೇ ಇದೆ ಎಂಬುದು ಬಹಳ ಕನ್ನಡಿಗರಿಗೆ ತಿಳಿದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ನಿಯಾಸ್, ಅಂದರೆ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಚೆನ್ನೈನ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದ ಜೊತೆ ಸೇರಿ ‘ಕ್ಲೈಮೇಟ್ ಈಕ್ವಿಟಿ ಮಾನಿಟರ್’ ಎಂಬ ತಾಣವನ್ನು ರೂಪಿಸಿದೆ. 2022ರ ಏಪ್ರಿಲ್‌ನಲ್ಲಿ ಆರಂಭವಾದ ಅದಕ್ಕೆ ಕೇಂದ್ರ ಪರಿಸರ ಸಚಿವಾಲಯದ ಬೆಂಬಲವಿದೆ. ಶ್ರೀಮಂತ ದೇಶಗಳು ತಮ್ಮ ನ್ಯಾಯವಾದ ಪಾಲನ್ನು ಎಷ್ಟು ಮೀರಿವೆ ಎಂಬುದನ್ನು ಇಂಗಾಲದ ಸಾಲದ ರೂಪದಲ್ಲಿ ತೋರಿಸುವುದೇ ಅದರ ಉದ್ದೇಶ. ಅದಕ್ಕೊಂದು ನಿಲುವಿದೆ, ಅದನ್ನು ಅದು ಬಚ್ಚಿಡುವುದೂ ಇಲ್ಲ: 1992ರ ಒಪ್ಪಂದದಲ್ಲಿ ಬರೆದಿರುವಂತೆ ಹೊಣೆ ಎಲ್ಲರದಾದರೂ ಎಲ್ಲರಿಗೂ ಒಂದೇ ಅಳತೆಯದಲ್ಲ ಎಂಬ ತತ್ತ್ವದ ಮೇಲೆ ಅದು ನಿಂತಿದೆ. ಚರ್ಚೆಗೆ ಸಿದ್ಧರಾಗುವವರು ಎರಡೂ ತಾಣಗಳನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು ಒಳ್ಳೆಯದು.

ಮೂರನೆಯದಾಗಿ ಹಲವರು ಉಲ್ಲೇಖಿಸುವುದು ‘ಕ್ಲೈಮೇಟ್ ಆ್ಯಕ್ಷನ್ ಟ್ರ್ಯಾಕರ್’ ಅನ್ನು. ಜರ್ಮನಿಯ ಎರಡು ಸಂಸ್ಥೆಗಳು ನಡೆಸುವ ಅದು 2009ರಿಂದ ದೇಶಗಳಿಗೆ ದರ್ಜೆ ಕೊಡುತ್ತಿದೆ. ಓದಲು ಸುಲಭ, ಬಣ್ಣಬಣ್ಣದ ನಕ್ಷೆ, ಒಂದೇ ಪದದ ತೀರ್ಪು. 2021ರವರೆಗೆ ಭಾರತದ ಗುರಿಗಳನ್ನು 2 ಡಿಗ್ರಿಯ ಮಿತಿಗೆ ಹೊಂದುವಂಥವು ಎಂದು ಅದು ಗುರುತಿಸಿತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ದರ್ಜೆ ಕೊಡುವ ವಿಧಾನವನ್ನು ಬದಲಿಸಿದಾಗ ಭಾರತ ‘ತೀರಾ ಅಸಮರ್ಪಕ’ ಎಂಬ ದರ್ಜೆಗೆ ಇಳಿಯಿತು, ಆಗ 1.5 ಡಿಗ್ರಿಗೆ ಹೊಂದುವ ದೇಶವೆಂದು ಉಳಿದದ್ದು ಗ್ಯಾಂಬಿಯ ಒಂದೇ. ಹೊಸ ವಿಧಾನಕ್ಕೆ ಕಾರಣಗಳಿವೆ, ಅವನ್ನು ಅವರು ವಿವರವಾಗಿ ಬರೆದಿದ್ದಾರೆ, ಅವು ಓದಲು ಯೋಗ್ಯವಾಗಿಯೂ ಇವೆ. ಆದರೆ ದರ್ಜೆಯನ್ನು ಮಾತ್ರ ವೇದಿಕೆಗೆ ಒಯ್ಯುವ ವಿದ್ಯಾರ್ಥಿ ತಾನು ಕಾಣದ ಯಾರೋ ಮಾಡಿದ ಆಯ್ಕೆಗಳನ್ನು ತನ್ನ ವಾದವೆಂದು ಒಪ್ಪಿಸುತ್ತಾನೆ. ‘ಅವರ್ ವರ್ಲ್ಡ್ ಇನ್ ಡೇಟಾ’ದಲ್ಲಿ ಆಯ್ಕೆಗಳೆಲ್ಲ ಕಣ್ಣೆದುರಿಗೇ ಇರುವುದರಿಂದ ಹಾಗಾಗುವುದಿಲ್ಲ. ನಾನು ಮೂರರಲ್ಲಿ ಅದಕ್ಕೆ ಮೊದಲ ಸ್ಥಾನ ಕೊಡುವುದು ಈ ಒಂದು ಕಾರಣಕ್ಕೆ.

ಬಳಕೆಯ ಅನುಕೂಲದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸಾಧಾರಣ ಮೊಬೈಲಿನಲ್ಲೂ ತಾಣ ತೆರೆದುಕೊಳ್ಳುತ್ತದೆ, ಆದರೆ ಎಕ್ಸ್‌ಪ್ಲೋರರಿನ ಪಟ್ಟಿಗಳೂ ಕಾಲರೇಖೆಯೂ ಚಿಕ್ಕ ಪರದೆಯಲ್ಲಿ ಇಕ್ಕಟ್ಟಾಗುತ್ತವೆ. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಇದಕ್ಕೆ ಸರಿಯಾದ ಜಾಗ. ಕನ್ನಡದ ಆವೃತ್ತಿ ಇಲ್ಲದಿರುವುದು ನಿಜವಾದ ತೊಂದರೆ. ಕನ್ನಡ ಮಾಧ್ಯಮದಿಂದ ಬಂದ ಜಾಣ ಹುಡುಗರು ಗ್ರಾಫನ್ನು ಬೇಗ ಹಿಡಿಯುತ್ತಾರೆ, ಅದರ ಕೆಳಗಿನ ವಿವರಣೆಯಲ್ಲಿ ಎಡವುತ್ತಾರೆ. ಪರವಾನಗಿ ಮುಕ್ತವಾಗಿರುವುದರಿಂದ ಮುಖ್ಯವಾದ ಗ್ರಾಫುಗಳಿಗೆ ಕನ್ನಡದ ಟಿಪ್ಪಣಿ ಬರೆದು ಹಂಚಲು ಯಾವ ಅಡ್ಡಿಯೂ ಇಲ್ಲ. ನಮ್ಮ ಅಧ್ಯಾಪಕರ ಸಂಘಗಳು ಮನಸ್ಸು ಮಾಡಿದರೆ ಆಗುವ ಕೆಲಸ ಅದು.

2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯ, ವನುವಾಟು ಎಂಬ ಪುಟ್ಟ ದ್ವೀಪದೇಶ ಮುಂದಾಳಾಗಿ ನಡೆಸಿದ ಪ್ರಯತ್ನದ ಫಲವಾಗಿ, ಹವಾಮಾನವನ್ನು ರಕ್ಷಿಸುವ ಕಾನೂನುಬದ್ಧ ಬಾಧ್ಯತೆ ದೇಶಗಳಿಗಿದೆ ಎಂದು ತನ್ನ ಸಲಹಾ ಅಭಿಪ್ರಾಯದಲ್ಲಿ ಹೇಳಿದ ಮೇಲೆ ಈ ಅಂಕಿಗಳ ತೂಕ ಹೆಚ್ಚಿದೆ. ಆದ್ದರಿಂದ ವಿದ್ಯಾರ್ಥಿಗಳಿಗೆ ಒಂದು ಕಟ್ಟುನಿಟ್ಟು ಹೇಳುತ್ತೇನೆ. ಗ್ರಾಫಿನ ಚಿತ್ರವನ್ನಷ್ಟೇ ತೆಗೆದಿಟ್ಟುಕೊಳ್ಳಬೇಡಿ. ನಮ್ಮ ಆಯ್ಕೆಗಳೆಲ್ಲ ಆ ಪುಟದ ಕೊಂಡಿಯಲ್ಲೇ ಉಳಿಯುವುದರಿಂದ ಆ ಕೊಂಡಿಯನ್ನು ಉಳಿಸಿಕೊಳ್ಳಿ. ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಅಂಕಿಯ ಪಕ್ಕದಲ್ಲೂ ಅದು ಯಾವ ಅನಿಲದ್ದು, ಯಾವ ವರ್ಷದಿಂದ ಯಾವ ವರ್ಷದವರೆಗಿನದು, ನೆಲದ ಲೆಕ್ಕವೋ ಬಳಕೆಯ ಲೆಕ್ಕವೋ, ಭೂಬಳಕೆ ಸೇರಿದೆಯೋ ಇಲ್ಲವೋ ಎಂದು ಬರೆದುಕೊಳ್ಳಿ. ಹೊಸ ಲೆಕ್ಕ ವರ್ಷದ ಕೊನೆಗೆ ಬರುತ್ತದೆ ಮತ್ತು ಹಳೆಯ ವರ್ಷಗಳ ಅಂಕಿಗಳೂ ಆಗ ಅಷ್ಟಿಷ್ಟು ತಿದ್ದುಪಡಿಯಾಗುತ್ತವೆ. ಹಾಗಾಗಿ ಡಿಸೆಂಬರ್, ಜನವರಿಯ ಸ್ಪರ್ಧೆಗಳಿಗೆ ಹೋಗುವವರು ಹಿಂದಿನ ಬ್ಯಾಚಿನವರ ಟಿಪ್ಪಣಿಯನ್ನು ಹಾಗೆಯೇ ಒಪ್ಪಿಸದೆ, ಒಮ್ಮೆ ಪುಟವನ್ನು ತೆರೆದು ತಾಳೆ ನೋಡಿಕೊಂಡು ಹೊರಡಬೇಕು.